ಯೂನಿಯನ್ ಸಭೆಯಲ್ಲಿ ಐದು ನಿಮಿಷ ಮಾತಾಡ್ಲಿಕ್ಕುಂಟು, ಎಂತ ಹೇಳುವುದು?

ಮುಳ್ಳೇರಿಯ ಟೀಚರ್
2025 ಜುಲೈ 20, ರಾತ್ರಿ 9.40

ನಮಸ್ಕಾರ. ಮುಳ್ಳೇರಿಯದಿಂದ ಸ್ವಲ್ಪ ಒಳಗೆ ಒಂದು ಅಂಗನವಾಡಿಯಲ್ಲಿ ನಾನು ಟೀಚರ್. ಹತ್ತೊಂಬತ್ತು ವರ್ಷ ಆಯ್ತು. ಬರುವ ಆದಿತ್ಯವಾರ ಕಾಸರಗೋಡಿನಲ್ಲಿ ನಮ್ಮ ಯೂನಿಯನ್ ಸಭೆ ಉಂಟು. ಯಾವಾಗಲೂ ಮಲಯಾಳದಲ್ಲೇ ಶುರುವಾಗಿ ಮಲಯಾಳದಲ್ಲೇ ಮುಗೀತದೆ. ಈ ಸಲ ಕನ್ನಡದಲ್ಲಿ ಒಬ್ಬರು ಐದು ನಿಮಿಷ ಮಾತಾಡ್ಲಿ ಅಂತ ನನ್ನ ಹೆಸರು ಹಾಕಿದ್ದಾರೆ. ಮಕ್ಕಳ ಎದುರು ಇಡೀ ದಿನ ಬಾಯಿ ಮುಚ್ಚದವಳಿಗೆ ಮೈಕ್ ಕಂಡರೆ ನಾಲಿಗೆ ಒಣಗ್ತದೆ.

ಮುಖಂಡರು ಹೇಳಿದ್ದು, "ಟೀಚರ್, ಗೌರವಧನದ ವಿಷಯ ಮಾತ್ರ ಹೇಳಿ. ಊಟ, ಪಾಠ ಎಲ್ಲ ಇಲಾಖೆಯ ಸಂಗತಿ." ನನಗೆ ಅದು ಸರಿ ಕಾಣ್ಲಿಲ್ಲ. 2024 ಜನವರಿಯ ಹೆಚ್ಚಳ ಸೇರಿ ನನಗೆ 13,000, ಹತ್ತು ವರ್ಷ ದಾಟಿದ ನಮ್ಮ ಹೆಲ್ಪರ್ ಅಕ್ಕನಿಗೆ 9,000. ಅದು ಸಾಲುವುದಿಲ್ಲ ಅನ್ಲಿಕ್ಕೆ ಐದು ನಿಮಿಷ ಎಂತಕ್ಕೆ? ಆದರೆ ಈ ತಿಂಗಳು ನಡೆದದ್ದು ಕೇಳಿ.

ಜುಲೈ 1ರಿಂದ ಸಣ್ಣ ಮಕ್ಕಳ ಪೌಷ್ಟಿಕ ಆಹಾರ ಅಂತ ಮನೆಗೆ ಕೊಡುವ ಅಮೃತಂ ಪುಡಿಗೆ ಕೇಂದ್ರ ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಅಮ್ಮನ ಮುಖ ಹಿಡಿಯಬೇಕು. ಮುಖ ಆಧಾರಿನ ಫೋಟೋಕ್ಕೆ ತಾಳೆಯಾಗಬೇಕು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಗೇಟಿನ ಹತ್ತಿರದ ಹಲಸಿನ ಮರದ ಅಡಿಯಲ್ಲಿ ಮಾತ್ರ. ಕಳೆದ ಬುಧವಾರ ಜಡಿಮಳೆ. ನಾನು ಕೊಡೆ ಹಿಡಿದೆ, ಹೆಲ್ಪರ್ ಅಕ್ಕ ಮಗುವನ್ನು ಹಿಡಿದರು, ಆ ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡು ನೆಟ್ಟಗೆ ನಿಂತಳು. ಕಣ್ಣು ಮುಚ್ಚಿ ತೆರೆದಳು. ಆಗಲಿಲ್ಲ. ಇನ್ನೊಮ್ಮೆ. ಆಗಲಿಲ್ಲ. ಆಧಾರಿನ ಫೋಟೋ ಮದುವೆಗೆ ಮೊದಲು ತೆಗೆದದ್ದು, ಈಗ ಅವಳ ಮುಖ ಸೊರಗಿ ಅರ್ಧ ಆಗಿದೆ. ಅರ್ಧ ದಿನದ ಕೆಲಸ ಬಿಟ್ಟು ಬಂದವಳು. ಮೂರನೇ ಸಲವೂ ಆಗದಿದ್ದಾಗ ನಾನು ಪ್ಯಾಕೆಟ್ ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕಿಸಿ ಕಳಿಸಿದೆ. ಆ್ಯಪಿನ ಲೆಕ್ಕದಲ್ಲಿ ಕೊಟ್ಟೇ ಇಲ್ಲ.

ಅಷ್ಟು ಹೊತ್ತು ಒಳಗೆ ಹದಿನಾಲ್ಕು ಮಕ್ಕಳು ಅವರಷ್ಟಕ್ಕೆ ಇದ್ದರು.

ಇನ್ನೊಂದು ಮೊಟ್ಟೆ. ಬಿಲ್ಲು ಪಾಸಾಗುವುದು ಯಾವಾಗಲೋ, ಮಕ್ಕಳಿಗೆ ಮೊಟ್ಟೆ ಇವತ್ತೇ ಬೇಕಲ್ಲ. ಅಂಗಡಿಯವರ ಪುಸ್ತಕದಲ್ಲಿ ನನ್ನ ಹೆಸರಿನಲ್ಲಿ ಸಾಲ ಉಂಟು. ಇದನ್ನೆಲ್ಲ ಹೇಳಿದರೆ ಬೇಡಿಕೆ ತೆಳ್ಳಗೆ ಆಗ್ತದಾ? ಗೊತ್ತಿದ್ದವರು ಹೇಳಿ.

ಅಡಿಕೆ ಚೊಗರು
ಜುಲೈ 20, ರಾತ್ರಿ 10.15

ಟೀಚರ್, ಬೇಜಾರು ಮಾಡ್ಬೇಡಿ. ನನ್ನ ತಂಗಿ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂನಲ್ಲಿ ಎಲ್‌ಕೆಜಿಗೆ ಪಾಠ ಮಾಡುವುದು, ಅವಳಿಗೆ 7,000. ಡಿಗ್ರಿ ಆಗಿದೆ. ನಿಮ್ಮದು ಮನೆ ಹತ್ತಿರದ ಕೆಲಸ, ಒಂಬತ್ತೂವರೆಯಿಂದ ಮೂರೂವರೆ. ಸಮರ ಸಮರ ಅಂತ ಬಾಗಿಲು ಮುಚ್ಚಿದರೆ ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗುವವರು ಎಲ್ಲಿ ಹೋಗ್ಬೇಕು? ಜುಲೈ 9ರ ಮುಷ್ಕರಕ್ಕೂ ಮುಚ್ಚಿತ್ತಲ್ಲ. ಜನ ನಿಮ್ಮ ಕಡೆ ಬರಬೇಕಾದರೆ ನಿಮ್ಮ ಸಂಬಳದ ಮಾತು ಕೊನೆಗೆ ಬರಲಿ.

ಹೆಲ್ಪರ್ ಮಗ
ಜುಲೈ 20, ರಾತ್ರಿ 10.52

ಚೊಗರಣ್ಣ, ನಿಮ್ಮ ತಂಗಿಗೆ 7,000 ಕೊಡುವುದು ಅನ್ಯಾಯ. ಅದನ್ನು ತೋರಿಸಿ ಇವರಿಗೂ ಕಡಿಮೆ ಸಾಕು ಅನ್ನುವುದು ಯಾವ ಲೆಕ್ಕ?

ನನ್ನ ಅಮ್ಮ ಹೆಲ್ಪರ್. ಅವರ ಲೆಕ್ಕ ಹೇಳ್ತೇನೆ. 9,000ವನ್ನು 25 ದಿನಕ್ಕೆ ಹಂಚಿ. 360. ತೊಳಿಲುರಪ್ಪಿಗೆ (ಉದ್ಯೋಗ ಖಾತರಿಗೆ) ಹೋದವರಿಗೆ ಈ ವರ್ಷ ಕೇರಳದಲ್ಲಿ ದಿನಕ್ಕೆ 369. ಹುಲ್ಲು ಕೆರೆಯುವ ಕೆಲಸಕ್ಕಿಂತ ಮಕ್ಕಳಿಗೆ ಅನ್ನ ಬೇಯಿಸಿ, ಹಾಕಿ, ತೊಳೆದು, ಬಟ್ಟೆ ಬದಲಾಯಿಸುವ ಕೆಲಸಕ್ಕೆ ಒಂಬತ್ತು ರೂಪಾಯಿ ಕಡಿಮೆ. ಉದ್ಯೋಗ ಖಾತರಿಯವರನ್ನು ದೂರುವುದಲ್ಲ, ಅವರದ್ದೂ ಕಡಿಮೆಯೇ.

ಆಲಪ್ಪುಳದ ಒಂದು ಮಗು ಉಪ್ಪಿಟ್ಟು ಬೇಡ, ಬಿರಿಯಾನಿ ಬೇಕು ಅಂದ ವಿಡಿಯೋ ಎಲ್ಲರೂ ನೋಡಿದ್ದೀರಿ. ಜೂನಿನಲ್ಲಿ ಹೊಸ ಮೆನು ಬಂತು, ಮೊಟ್ಟೆ ಬಿರಿಯಾನಿ, ಪುಲಾವ್. ಒಳ್ಳೆಯದೇ, ಸಕ್ಕರೆ ಉಪ್ಪು ಕಡಿಮೆ ಮಾಡಿದ್ದೂ ಒಳ್ಳೆಯದು. ಆದರೆ ಒಲೆ ಅದೇ, ಕುಕ್ಕರ್ ಅದೇ, ಕೈ ಎರಡೇ. ಮೊಟ್ಟೆ ಸುಲಿಯುವುದು, ನೀರುಳ್ಳಿ ಕೊಚ್ಚುವುದು ಯಾರು? ಟಿವಿಯಲ್ಲಿ ಬಿರಿಯಾನಿಯ ಪಾತ್ರೆ ತೋರಿಸಿದರು. ಮಾಡಿದವರ ಕೈ ಕಾಣ್ಲಿಲ್ಲ.

ಟೀಚರ್, ಐದು ನಿಮಿಷದಲ್ಲಿ ಒಂದು ನಿಮಿಷ ಹೆಲ್ಪರಿಗೆ ಇಡಿ. ನಿಮ್ಮ ಬೇಡಿಕೆ ಪಟ್ಟಿಯಲ್ಲಿ ಹೆಲ್ಪರ್ ಯಾವಾಗಲೂ "ಮತ್ತು"ವಿನ ಆಚೆ ಇರ್ತಾರೆ.

ಕುಂಬಳೆ ಮಾಷ್ಟ್ರು (ನಿವೃತ್ತ)
ಜುಲೈ 21, ಬೆಳಗ್ಗೆ 6.30

ಟೀಚರ್, ಮಾತಾಡುವ ಮೊದಲು ಹಣದ ದಾರಿ ತಿಳಿದಿರಬೇಕು. ಇಲ್ಲದಿದ್ದರೆ ತಿರುವನಂತಪುರದವರು ದೆಹಲಿಗೆ ಕೈ ತೋರಿಸುತ್ತಾರೆ, ದೆಹಲಿಯವರು ತಿರುವನಂತಪುರಕ್ಕೆ.

ಐಸಿಡಿಎಸ್, ಅಂದರೆ ಅಂಗನವಾಡಿಗಳನ್ನು ನಡೆಸುವ ಕೇಂದ್ರದ ಯೋಜನೆ, ಶುರುವಾದದ್ದು 1975 ಅಕ್ಟೋಬರ್ 2ಕ್ಕೆ, ದೇಶದಲ್ಲಿ 33 ಕಡೆ. ಕೇರಳದಲ್ಲಿ ಮಲಪ್ಪುರಂ ಜಿಲ್ಲೆಯ ವೇಂಗರ, ಕರ್ನಾಟಕದಲ್ಲಿ ಟಿ. ನರಸೀಪುರ. ಆಗ ಎಸ್ಸೆಸ್ಸೆಲ್ಸಿ ಆದ ಕಾರ್ಯಕರ್ತೆಗೆ ತಿಂಗಳಿಗೆ 150, ಆಗದವರಿಗೆ 100, ಸಹಾಯಕಿಗೆ 35. ಊರಿನ ಹೆಂಗಸರು ಸೇವೆ ಮಾಡುತ್ತಾರೆ, ನಾವು ಗೌರವಕ್ಕೆ ಏನೋ ಕೊಡುತ್ತೇವೆ ಎಂಬ ಲೆಕ್ಕ. ಬರುವ ಅಕ್ಟೋಬರಿಗೆ ಐವತ್ತು ವರ್ಷ. ಇವತ್ತೂ ಆ ಶಬ್ದ ಬದಲಾಗಿಲ್ಲ. ಸಂಬಳ ಎಂದರೆ ಕನಿಷ್ಠ ಕೂಲಿಯ ಕಾನೂನು ಬರುತ್ತದೆ, ಗೌರವಧನ ಎಂದರೆ ಆ ಕಾನೂನು ಬರುವುದಿಲ್ಲ. ಅದೊಂದು ಜಾಣ ಶಬ್ದ.

ಕೇಂದ್ರ ಕೊನೆಗೆ ಏರಿಸಿದ್ದು 2018 ಅಕ್ಟೋಬರಿನಲ್ಲಿ, 3,000ದಿಂದ 4,500ಕ್ಕೆ. ಸಹಾಯಕಿಗೆ 1,500ರಿಂದ 2,250ಕ್ಕೆ. ಅದನ್ನೂ ದೆಹಲಿ ಪೂರ್ತಿ ಕೊಡುವುದಿಲ್ಲ. 60:40ರ ಪಾಲು. 4,500ರಲ್ಲಿ ಕೇಂದ್ರದ್ದು 2,700. ಟೀಚರ್, ನಿಮ್ಮ 13,000ದಲ್ಲಿ ದೆಹಲಿಯಿಂದ ಬರುವುದು ಆ 2,700. ಏಳು ವರ್ಷದಿಂದ ಅದು ಅಲ್ಲೇ ನಿಂತಿದೆ. 2015-16ರ ಬಜೆಟ್ಟಿನಲ್ಲಿ ಐಸಿಡಿಎಸ್ ಹಣ ಹಿಂದಿನ ವರ್ಷದ್ದಕ್ಕಿಂತ ಅರ್ಧಕ್ಕೆ ಇಳಿಯಿತು. ರಾಜ್ಯಗಳಿಗೆ ತೆರಿಗೆಯಲ್ಲಿ ಹೆಚ್ಚು ಪಾಲು ಕೊಟ್ಟಿದ್ದೇವಲ್ಲ, ನೀವೇ ನೋಡಿಕೊಳ್ಳಿ ಎಂಬುದು ಆಗಿನ ವಾದ.

ಊಟದ್ದೂ ಹೀಗೆಯೇ. ಮಗುವಿಗೆ ದಿನಕ್ಕೆ 8 ರೂಪಾಯಿ ಎಂದು 2017ರಲ್ಲಿ ನಿಗದಿಯಾಯಿತು, ಅರ್ಧ ಕೇಂದ್ರ, ಅರ್ಧ ರಾಜ್ಯ. ಅದರಲ್ಲಿ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಬರಬೇಕು. ಈಗ ಒಂದು ಮೊಟ್ಟೆಗೇ ಆರೇಳು ರೂಪಾಯಿ. ಕೇರಳದ ಹಾಲು ಮೊಟ್ಟೆ 2022ರಿಂದ ರಾಜ್ಯದ ಬೇರೆ ಯೋಜನೆ, ಆಗ ವಾರಕ್ಕೆ ಎರಡು ದಿನ ಇದ್ದದ್ದು ಈಗ ಮೂರು ದಿನ.

ಇನ್ನು ಕೋರ್ಟು. 2006ರಲ್ಲಿ, ಅದೂ ಕರ್ನಾಟಕದ್ದೇ ಪ್ರಕರಣ, ಅಂಗನವಾಡಿಯವರದ್ದು ಸರ್ಕಾರಿ ಹುದ್ದೆಯಲ್ಲ ಎಂದಿತು ಸುಪ್ರೀಂ ಕೋರ್ಟು. 2022 ಏಪ್ರಿಲ್ 25ಕ್ಕೆ ಗುಜರಾತಿನ ಪ್ರಕರಣದಲ್ಲಿ ಅದೇ ಕೋರ್ಟು ಇವರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಕಾನೂನು ಅನ್ವಯಿಸುತ್ತದೆ, ಇವರು ಪಡೆಯುವುದು ವೇತನವೇ ಎಂದಿತು. ಇದನ್ನು ಹಿಡಿದುಕೊಳ್ಳಿ. ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನದ ಲೆಕ್ಕ. 13,000ಕ್ಕೆ ವರ್ಷಕ್ಕೆ 7,500. ಹತ್ತೊಂಬತ್ತು ವರ್ಷಕ್ಕೆ 1,42,500 ರೂಪಾಯಿ. ಸಭೆಯಲ್ಲಿ ಇರುವ ಒಬ್ಬೊಬ್ಬರೂ ತಮ್ಮ ವರ್ಷ ಹಾಕಿ ಲೆಕ್ಕ ಮಾಡಲಿ.

ಮುಳ್ಳೇರಿಯ ಟೀಚರ್
ಜುಲೈ 21, ಮಧ್ಯಾಹ್ನ 1.50 (ಮಕ್ಕಳು ಮಲಗಿದ್ದಾರೆ)

ಮಾಷ್ಟ್ರೆ, 2,700 ಅಂತ ನನಗೆ ಗೊತ್ತೇ ಇರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಜಾಥಾಕ್ಕೆ ಹೋಗಿದ್ದೇನೆ, ಯಾರೂ ಹೀಗೆ ಬಿಡಿಸಿ ಹೇಳಿಲ್ಲ. ಒಂದು ಯೂನಿಯನ್ನಿನ ಫ್ಲೆಕ್ಸಿನಲ್ಲಿ ದೆಹಲಿ ಮಾತ್ರ ಕಾಣ್ತದೆ, ಇನ್ನೊಂದರದ್ದರಲ್ಲಿ ತಿರುವನಂತಪುರ ಮಾತ್ರ.

ಹೆಲ್ಪರ್ ಮಗ, ನಿಮ್ಮ ಮಾತು ನಟ್ಟಿತು. ನಮ್ಮ ಅಕ್ಕನಿಗೆ ಓದಿ ಹೇಳಿದೆ. ಅವರು ಪಾತ್ರೆ ತಿಕ್ಕುತ್ತಾ "ಒಂಬತ್ತು ರೂಪಾಯಿಯಾ? ಹಾಗಾದರೆ ನಾಳೆಯಿಂದ ಹುಲ್ಲು ಕೆರೀತೇನೆ" ಅಂದ್ರು.

ಪೆರ್ಲದ ಅಮ್ಮ
ಜುಲೈ 21, ರಾತ್ರಿ 8.20

ನಾನು ಯೂನಿಯನ್ ಅಲ್ಲ, ಮಗು ಕಳಿಸುವವಳು. ನಮಗೆ ಬೇಕಾದ್ದು ಯಾರೂ ಹೇಳುವುದಿಲ್ಲ, ಅದಕ್ಕೆ ಬರೀತೇನೆ.

ಎರಡು ವರ್ಷ ಹಿಂದೆ ಮಗನನ್ನು ಅಂಗನವಾಡಿಗೆ ಹಾಕಿದೆ. ಮನೆಯಲ್ಲಿ ನಾವು ಕನ್ನಡ, ಅಜ್ಜಿ ತುಳು. ಅಲ್ಲಿ ಬಂದ ಹೊಸ ಟೀಚರಿಗೆ ಮಲಯಾಳ ಮಾತ್ರ. ಮಗ ಎದ್ದು ನಿಂತು "ಟೀಚರ್, ಒಂದಕ್ಕೆ" ಅಂದನಂತೆ. ಟೀಚರ್ ಖುಷಿಯಾಗಿ ಬೆರಳು ಎತ್ತಿ "ಒನ್ನ್!" ಅಂದ್ರಂತೆ. ಇವನು ಇನ್ನೊಮ್ಮೆ "ಒಂದಕ್ಕೆ". ಅವರು ಮುಂದುವರಿಸಿ "ರಣ್ಡ್, ಮೂನ್ನ್". ಎಲ್ಲ ಮಕ್ಕಳೂ ಸೇರಿ ಹತ್ತರವರೆಗೆ ಎಣಿಸಿದರು. ಅಷ್ಟರಲ್ಲಿ ಇವನ ಚಡ್ಡಿ ಒದ್ದೆ.

ನಾವು ಮನೆಯಲ್ಲಿ ನಕ್ಕೆವು. ಆದರೆ ಮರುದಿನದಿಂದ ಹದಿನೈದು ದಿನ ಅವನು ಹೋಗಲಿಲ್ಲ. ಚಪ್ಪಲಿ ಹಾಕಿದ ಕೂಡಲೇ ಅಳು.

ಹೆಲ್ಪರ್ ಅಕ್ಕ ಊರಿನವರು, ಅವರಿಗೆ ತುಳು, ಕನ್ನಡ, ಬ್ಯಾರಿ ಎಲ್ಲ ಬರ್ತದೆ. ಆ ದಿನ ಅವರು ಮೊಟ್ಟೆ ತರ್ಲಿಕ್ಕೆ ಹೋಗಿದ್ದರು. ಇದನ್ನು ಗುಣಮಟ್ಟ ಅಂತ ಯಾರೂ ಬರೆಯುವುದಿಲ್ಲ. ತೂಕದ ಯಂತ್ರ ಉಂಟಾ, ಎತ್ತರ ಅಳೆದಿದ್ದೀರಾ ಅಂತ ಆ್ಯಪು ಕೇಳ್ತದೆ. ಮೂತ್ರಕ್ಕೆ ಹೋಗ್ಬೇಕು ಅಂತ ಮಗು ಹೇಳಿದ್ದು ಟೀಚರಿಗೆ ಅರ್ಥ ಆಗ್ತದಾ ಅಂತ ಯಾರು ಕೇಳುವುದು?

ಅಡಿಕೆ ಚೊಗರು
ಜುಲೈ 21, ರಾತ್ರಿ 8.41

ಇದು ನೋಡಿ ವಿಷಯ. ಟೀಚರ್, ಐದು ನಿಮಿಷ ಇದನ್ನೇ ಹೇಳಿ. ಕನ್ನಡದ ನೆಲದಲ್ಲಿ ಕನ್ನಡ ಬಾರದವರನ್ನು ತಂದು ಹಾಕುವುದು ಮೊದಲು ನಿಲ್ಲಲಿ, ಸಂಬಳ ಆಮೇಲೆ.

ಎರಡು ಭಾಷೆಯ ಟೀಚರ್
ಜುಲೈ 22, ಬೆಳಗ್ಗೆ 7.05

ನನ್ನ ಕನ್ನಡ ತಪ್ಪಿದ್ದರೆ ಕ್ಷಮಿಸಿ. ನಾನು ನೀಲೇಶ್ವರ ಕಡೆಯವಳು, ಮದುವೆಯಾಗಿ ಬದಿಯಡ್ಕ ಹತ್ತಿರ ಬಂದೆ. ಚೊಗರಣ್ಣ, ನಮ್ಮನ್ನು ಯಾರೂ ತಂದು ಹಾಕುವುದಿಲ್ಲ. ಆ ಪಂಚಾಯತಿನಲ್ಲಿ ವಾಸ ಇದ್ದವರಿಗೇ ಈ ಕೆಲಸ. ನಾನೂ ಈಗ ಈ ಊರಿನವಳೇ. ಸಂದರ್ಶನದಲ್ಲಿ ಕನ್ನಡ ಬರ್ತದಾ ಅಂತ ನನ್ನನ್ನು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಅಂತಿದ್ದೆ, ಕಲೀತೇನೆ ಅಂತಿದ್ದೆ.

ಮೊದಲ ವರ್ಷ ನನಗೂ ಹಾಗೇ ಆಗಿದೆ. ಒಂದು ಮಗು "ಹಶಿವು" ಅಂತ ಹೇಳಿ ಹೇಳಿ ಅತ್ತಿತು. ನನಗೆ ಹಸು ಅಂತ ಕೇಳಿತು, ಹಸುವಿನ ಚಿತ್ರ ತೋರಿಸಿದೆ. ಆಮೇಲೆ ಅತ್ತೆಯ ಹತ್ತಿರ, ಹೆಲ್ಪರಕ್ಕನ ಹತ್ತಿರ ಕಲಿತೆ. ತರಬೇತಿ ಮಲಯಾಳದಲ್ಲಿ, ನನಗೆ ಸಿಕ್ಕಿದ ಕೈಪಿಡಿ ಮಲಯಾಳದಲ್ಲಿ. ರಾತ್ರಿ ಕೂತು ಹಾಡುಗಳನ್ನು ನಾನೇ ಕನ್ನಡ ಮಾಡಿಕೊಳ್ತೇನೆ, ಪ್ರಾಸ ಹೋಗ್ತದೆ. ಆ ಎರಡು ಗಂಟೆಗೆ ಹಣ ಇಲ್ಲ. ಈಗ ಅದೇ ಎರಡು ಗಂಟೆ ಆ್ಯಪಿಗೆ ಹೋಗ್ತದೆ.

ನನ್ನಲ್ಲಿ ಹನ್ನೊಂದು ಮಕ್ಕಳು. ಮನೆಮಾತು ಎಣಿಸಿದರೆ ಕನ್ನಡ, ತುಳು, ಬ್ಯಾರಿ, ಮರಾಟಿ, ಮಲಯಾಳ. ಒಂದು ಕೊರಗ ಮಗುವೂ ಉಂಟು. ಕನ್ನಡ ಕಡ್ಡಾಯ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಕಲಿಸಿ, ಕಲಿಯುವ ದಿನಕ್ಕೆ ಕೂಲಿ ಕೊಡಿ.

ಪೆರ್ಲದ ಅಮ್ಮ
ಜುಲೈ 22, ಬೆಳಗ್ಗೆ 7.30

ಟೀಚರ್, ನಿಮ್ಮನ್ನು ಹೇಳಿದ್ದಲ್ಲ. ನಮ್ಮ ಟೀಚರೂ ಈಗ ಕಲಿತಿದ್ದಾರೆ. ಮಗನ ಪಾಲಿಗೆ ಒಂದು ವರ್ಷ ತಡ ಆಯ್ತು ಅಷ್ಟೇ.

ಕುಂಬಳೆ ಮಾಷ್ಟ್ರು (ನಿವೃತ್ತ)
ಜುಲೈ 22, ಬೆಳಗ್ಗೆ 9.10

ಸಂವಿಧಾನದ 350ಎ ವಿಧಿ, 1956ರಲ್ಲಿ ಸೇರಿದ್ದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಇರಬೇಕು ಎನ್ನುತ್ತದೆ. ನಾವು ಶಾಲೆಗಳಿಗಾಗಿ ಅದನ್ನು ಹಿಡಿದು ಎಷ್ಟೋ ಸಲ ಕಲೆಕ್ಟರೇಟಿನ ಮೆಟ್ಟಿಲು ಹತ್ತಿದ್ದೇವೆ. ಅಂಗನವಾಡಿಯನ್ನು ಮರೆತೆವು, ಅದು ಶಾಲೆಯಲ್ಲ, ಗಂಜಿಕೇಂದ್ರ ಎಂದುಕೊಂಡು. ಕನ್ನಡ ಹೋರಾಟಗಾರರ ತಪ್ಪು ಅದು, ನನ್ನದೂ ಹೌದು. 2020ರ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗೆ ಒಂದೇ ಬುನಾದಿ ಹಂತ ಎಂದು ಎಣಿಸಿದೆ. ಬುನಾದಿ ಎಂದ ಮೇಲೆ ಭಾಷೆಯ ಮಾತು ಒಂದನೇ ಕ್ಲಾಸಿನಿಂದ ಯಾಕೆ ಶುರುವಾಗಬೇಕು?

ವಿಟ್ಲದ ಕಾರ್ಯಕರ್ತೆ
ಜುಲೈ 22, ಸಂಜೆ 5.30

ಗಡಿ ದಾಟಿದರೆ ನಾವು. ನಿಮ್ಮಲ್ಲಿ ಟೀಚರ್, ನಮ್ಮಲ್ಲಿ ಕಾರ್ಯಕರ್ತೆ. ಆ ಶಬ್ದಕ್ಕೇ ಒಮ್ಮೊಮ್ಮೆ ಹೊಟ್ಟೆಕಿಚ್ಚಾಗ್ತದೆ ನಂಗೆ. ಈ ವರ್ಷದ ಬಜೆಟ್ಟಿನಲ್ಲಿ ನಮಗೆ 1,000, ಸಹಾಯಕಿಯರಿಗೆ 750 ಏರಿಸಿದ್ರು. ಏರಿದ ಮೇಲೂ ನಿಮ್ಮಷ್ಟಾಗಲಿಲ್ಲ.

2024ರ ಜೂನಿನಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ಅಂದಾಗ ನಾವು ಬೀದಿಗಿಳಿದೆವು. ಮೂರು ದಾಟಿದ ಮಕ್ಕಳು ಅತ್ತ ಹೋದರೆ ಇಲ್ಲಿ ಉಳಿಯುವುದು ಪ್ಯಾಕೆಟ್ ಹಂಚುವ ಕೆಲಸ ಮಾತ್ರ. ಆಗ ಪತ್ರಿಕೆಯವರೊಬ್ಬರು ಕೇಳಿದ್ರು, ನಿಮಗೆ ಎಲ್‌ಕೆಜಿ ಪಾಠ ಮಾಡ್ಲಿಕ್ಕೆ ಬರ್ತದಾ ಅಂತ. ನಾನು ಹೇಳಿದೆ, ಗಣತಿ, ಚುನಾವಣೆ, ಪೋಲಿಯೊ, ತಾಯಿ ಕಾರ್ಡು ಎಲ್ಲ ಬರ್ತದೆ, ಅದೊಂದು ಬರದೆ ಇರ್ತದಾ? ಪಾಠ ಮಾಡ್ಲಿಕ್ಕೆ ಸಮಯ ಕೊಡಿ. ಟೀಚರ್, ಇದನ್ನು ಹೇಳಿ. ಆಟ ಪಾಠಕ್ಕೆ ದಿನದಲ್ಲಿ ಎಷ್ಟು ನಿಮಿಷ ಸಿಗ್ತದೆ ಅಂತ ಒಂದು ವಾರ ಗಡಿಯಾರ ನೋಡಿ ಬರೆದಿಡಿ.

ಮಡಕಶಿರಾದವನು
ಜುಲೈ 23, ರಾತ್ರಿ 11.02

ಆಂಧ್ರದ ಕಡೆಯಿಂದ ಒಂದು ಮಾತು. ನಮ್ಮ ಅತ್ತಿಗೆ ಅಂಗನವಾಡಿ. 2023 ಡಿಸೆಂಬರ್ 12ರಿಂದ 42 ದಿನ ಮುಷ್ಕರ ಮಾಡಿದ್ರು ಇಲ್ಲಿ. ಕಾರ್ಯಕರ್ತೆಗೆ ಆಗ 11,500, ಆಯಾಗೆ 7,000. ಜನವರಿಯಲ್ಲಿ ಸರ್ಕಾರ ಎಸ್ಮಾ ಹಾಕಿತು. ಅದೇನು ಅಂದ್ರೆ ಅಗತ್ಯ ಸೇವೆ, ನಿಲ್ಲಿಸೋ ಹಂಗಿಲ್ಲ ಅನ್ನೋ ಕಾನೂನು. ಅತ್ತಿಗೆ ಕೇಳಿದ್ದು ಒಂದೇ: "ಸಂಬಳ ಕೇಳ್ದಾಗ ನಾವು ಸ್ವಯಂಸೇವಕರು, ಕೆಲಸ ನಿಲ್ಸಿದ್ರೆ ಅಗತ್ಯ ಸೇವೆನಾ?" ನಿಮ್ಮ ಸಭೇಲಿ ಬೇಕಾದ್ರೆ ಹೇಳ್ಕೊಳ್ಳಿ, ಅತ್ತಿಗೆ ಬೇಜಾರು ಮಾಡ್ಕೊಳ್ಳಲ್ಲ.

ಅಡಿಕೆ ಚೊಗರು
ಜುಲೈ 24, ಬೆಳಗ್ಗೆ 6.50

ಆಯ್ತು ಮಾರಾಯ್ರೆ, ನಾನು ಸ್ವಲ್ಪ ಹಿಂದೆ ಸರೀತೇನೆ. ಭಾಷೆ ಕಲಿಸ್ಲಿಕ್ಕೂ ದುಡ್ಡು ಬೇಕು ಅಂತ ಈಗ ಗೊತ್ತಾಯ್ತು. ಆದರೂ ಮುಷ್ಕರದ ದಿನ ಮಗುವನ್ನು ಎಲ್ಲಿ ಬಿಡುವುದು ಅನ್ನುವ ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಹೆಲ್ಪರ್ ಮಗ
ಜುಲೈ 24, ಬೆಳಗ್ಗೆ 8.00

ಉತ್ತರ ಇಲ್ಲ ಅಣ್ಣ. ಅಮ್ಮನೂ ಆ ದಿನ ಅದನ್ನೇ ಹೇಳ್ತಾ ಇದ್ರು, ಯಾರ್ಯಾರು ಕೆಲಸಕ್ಕೆ ಹೋಗ್ಲಿಕ್ಕಾಗದೆ ಕೂತಿದ್ದಾರೋ ಅಂತ.

ಚೌಕಿಯವನು
ಜುಲೈ 24, ಮಧ್ಯಾಹ್ನ 12.30

ವಿಷಯಕ್ಕೆ ಸ್ವಲ್ಪ ಹೊರಗೆ. ಇಡೀ ಕೇರಳದ ಅಂಗನವಾಡಿಯಲ್ಲಿ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಕೊಡುವ ಆ ಅಮೃತಂ ಪುಡಿಯ ಪಾಕ ತಯಾರಾದದ್ದು ನಮ್ಮ ಕಾಸರಗೋಡಿನ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐನಲ್ಲಿ. ಗೋಧಿ, ಕಡಲೆ, ಸೋಯ, ನೆಲಗಡಲೆ, ಸಕ್ಕರೆ. ಮಾಡುವವರು ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು. ನಾವು ಮಂಗಳೂರಿಗೆ ಹೋಗುವ ಬಸ್ಸಿನಿಂದ ಆ ತೆಂಗಿನ ತೋಟ ಮಾತ್ರ ನೋಡುವುದು. ಇದನ್ನೂ ಸೇರಿಸಿ ಟೀಚರ್, ನಮ್ಮವರು ಚಪ್ಪಾಳೆ ತಟ್ತಾರೆ.

ಮುಳ್ಳೇರಿಯ ಟೀಚರ್
ಜುಲೈ 27, ರಾತ್ರಿ 9.15

ಸಭೆ ಮುಗಿಸಿ ಈಗ ಬಂದೆ. ಬಸ್ಸು ತಪ್ಪಿ ಚೆರ್ಕಳದಲ್ಲಿ ಮುಕ್ಕಾಲು ಗಂಟೆ.

ಮೊದಲು 2,700ರ ಲೆಕ್ಕ ಹೇಳಿದೆ. ಹಿಂದಿನ ಸಾಲಿನ ಒಬ್ಬರು "ಇನ್ನೊಮ್ಮೆ ಹೇಳಿ ಟೀಚರ್" ಅಂದ್ರು, ಬರಕೊಂಡರು. ಆಮೇಲೆ ಹೆಲ್ಪರಿನ 360 ಮತ್ತು 369. ಗ್ರಾಚ್ಯುಟಿ ಲೆಕ್ಕ ಹೇಳುವಾಗ ಎಲ್ಲರೂ ಫೋನು ತೆಗೆದು ಗುಣಾಕಾರ ಮಾಡ್ತಾ ಕೂತರು, ಅರ್ಧ ನಿಮಿಷ ನನ್ನನ್ನು ಯಾರೂ ನೋಡಲಿಲ್ಲ. ಪೆರ್ಲದ ಅಮ್ಮನ "ಒಂದಕ್ಕೆ" ಕತೆಯನ್ನು ಕನ್ನಡದಲ್ಲಿ ಹೇಳಿದೆ, ಅರ್ಧ ಸಭೆ ನಕ್ಕಿತು. ಇನ್ನರ್ಧಕ್ಕೆ ಪಕ್ಕದವರು ಮಲಯಾಳದಲ್ಲಿ ಹೇಳಿದ ಮೇಲೆ ನಗೆ ಬಂತು. ಮುಖಂಡರು ನಗಲಿಲ್ಲ, ಚೀಟಿ ಕಳಿಸಿದರು: ಸಮಯ ಆಯ್ತು.

ನಿರ್ಣಯದಲ್ಲಿ ಸೇರಿದ್ದು ಎರಡು. ಗ್ರಾಚ್ಯುಟಿ ಅರ್ಜಿಯ ನಮೂನೆ ಕನ್ನಡದಲ್ಲೂ ಅಚ್ಚು ಹಾಕಿಸಿ ಕೊಡುವುದು, ಆ್ಯಪಿನಲ್ಲಿ ಮುಖ ಹೊಂದದಿದ್ದರೆ ಪುಸ್ತಕದ ಸಹಿಯನ್ನು ಒಪ್ಪಬೇಕು ಅಂತ ಕೇಳುವುದು. ಭಾಷೆಯ ತರಬೇತಿ "ಮುಂದಿನ ಸಭೆಗೆ". ಮೊಟ್ಟೆಯ ಬಾಕಿ ಹೇಳ್ಲಿಕ್ಕೆ ಸಮಯ ಸಿಗಲೇ ಇಲ್ಲ, ಅಮೃತಂ ಪುಡಿಯ ಹೆಮ್ಮೆಯೂ ಉಳಿಯಿತು ಚೌಕಿಯವರೆ.

ಎರಡು ಭಾಷೆಯ ಟೀಚರ್, ನೀವು ಬಂದಿದ್ರಾ? ಹಳದಿ ಸೀರೆಯವರು ನೀವೇ ಇರ್ಬೇಕು ಅಂತ ಅಂದುಕೊಂಡೆ, ಕೇಳ್ಲಿಕ್ಕೆ ಸಂಕೋಚ ಆಯ್ತು.

ಎರಡು ಭಾಷೆಯ ಟೀಚರ್
ಜುಲೈ 27, ರಾತ್ರಿ 9.40

ಹೌದು, ನಾನೇ. ನಿಮ್ಮ ಪಕ್ಕದಲ್ಲಿ ಮಲಯಾಳದಲ್ಲಿ ಹೇಳಿದ್ದೂ ನಾನೇ.

ಪೆರ್ಲದ ಅಮ್ಮ
ಜುಲೈ 27, ರಾತ್ರಿ 9.58

ಆ ಮಳೆಯಲ್ಲಿ ಬಂದ ತಾಯಿಯ ಪ್ಯಾಕೆಟ್ ಎಂತಾಯ್ತು ಟೀಚರ್?

ಮುಳ್ಳೇರಿಯ ಟೀಚರ್
ಜುಲೈ 27, ರಾತ್ರಿ 10.05

ನಿನ್ನೆ ಪುನಃ ಬಂದಿದ್ದಳು, ಇನ್ನೊಂದು ಅರ್ಧ ದಿನ ಬಿಟ್ಟು. ಬಿಸಿಲಿತ್ತು, ಎರಡನೇ ಸಲಕ್ಕೆ ಮುಖ ಹೊಂದಿತು. ಆ್ಯಪಿನ ಪ್ರಕಾರ ಅವಳಿಗೆ ಪುಡಿ ಸಿಕ್ಕಿದ್ದು ನಿನ್ನೆ. ಮಗು ಅಷ್ಟರಲ್ಲಿ ಒಂದು ಪ್ಯಾಕೆಟ್ ಖಾಲಿ ಮಾಡಿ ಆಗಿತ್ತು.